ತಿಮಿಂಗಿಲ ಸಂರಕ್ಷಣೆಗೆ ವೈಜ್ಞಾನಿಕ ಸಲಹಾ ಟಿಪ್ಪಣಿ ಬರೆಯುವ ಬಗೆ

ಕಲಬುರಗಿಯಲ್ಲಿ ಪ್ರಾಣಿಶಾಸ್ತ್ರ ಓದುತ್ತಿರುವ ಸ್ನಾತಕೋತ್ತರ ವಿದ್ಯಾರ್ಥಿಗಳು ತಿಮಿಂಗಿಲ ಸಂರಕ್ಷಣೆಯನ್ನು ಸೆಮಿನಾರ್‌ಗೆ ಆರಿಸಿಕೊಂಡರೆ, ಪ್ರಬಂಧಕ್ಕೆ ಬದಲಾಗಿ ನೀತಿ ನಿರೂಪಕರಿಗೆ ಉಪಯೋಗವಾಗುವ ಸಲಹಾ ಟಿಪ್ಪಣಿಯನ್ನೇ ಬರೆಯಬೇಕೆಂಬುದು ನನ್ನ ಆಗ್ರಹ. ಇದಕ್ಕೆ ಬೇಕಾಗುವುದು ಬಹುಪಾಲು ಪ್ರಕಟಿತ ದತ್ತಾಂಶವಾದ್ದರಿಂದ ಸಮುದ್ರದಿಂದ ದೂರವಿರುವುದು ಅಡ್ಡಿಯಾಗದು.

ಮೊದಲು 1946ರ ತಿಮಿಂಗಿಲ ಬೇಟೆ ನಿಯಂತ್ರಣ ಒಪ್ಪಂದದ ಐದನೆಯ ವಿಧಿಯನ್ನು ಓದಿರಿ. ಬೇಟೆಯ ನಿಯಮಗಳ ತಿದ್ದುಪಡಿಗೆ ವೈಜ್ಞಾನಿಕ ಆಧಾರವಿರಬೇಕೆಂದು ಅದು ವಿಧಿಸುತ್ತದೆ. ಆದರೆ ತಿದ್ದುಪಡಿಯನ್ನು ನಾಲ್ಕನೇ ಮೂರು ಬಹುಮತದಿಂದ ನಿರ್ಧರಿಸುವುದು ಸದಸ್ಯ ರಾಷ್ಟ್ರಗಳ ಅಂತರರಾಷ್ಟ್ರೀಯ ತಿಮಿಂಗಿಲ ಬೇಟೆ ಆಯೋಗ. 1982ರಲ್ಲಿ ವಾಣಿಜ್ಯ ಬೇಟೆಗೆ ತಡೆ ಹಾಕಲು ತೀರ್ಮಾನವಾದದ್ದೂ ಹೀಗೆಯೇ. ಆದ್ದರಿಂದ ವಿಜ್ಞಾನ ಹೇಳುವುದನ್ನೂ ನೀವು ಬಯಸುವುದನ್ನೂ ಬೇರೆ ಬೇರೆ ಭಾಗಗಳಲ್ಲಿ ಬರೆಯಿರಿ.

ಇಡೀ ಪ್ರಭೇದವನ್ನು ಕೈಗೆತ್ತಿಕೊಳ್ಳದೆ ಒಂದು ಪ್ರದೇಶದಲ್ಲಿ ಬಾಳುವ ಅದರ ಒಂದು ಸಮುದಾಯವನ್ನಷ್ಟೇ ಆರಿಸಿಕೊಳ್ಳಿ. ಅರಬ್ಬೀ ಸಮುದ್ರದ ಹಂಪ್‌ಬ್ಯಾಕ್ ತಿಮಿಂಗಿಲಗಳು ವರ್ಷವಿಡೀ ಅಲ್ಲಿಯೇ ಇರುತ್ತವೆ, ಅಂಟಾರ್ಕ್ಟಿಕದತ್ತ ವಲಸೆ ಹೋಗುವುದಿಲ್ಲ, ತಳಿಶಾಸ್ತ್ರೀಯವಾಗಿಯೂ ಪ್ರತ್ಯೇಕವಾಗಿವೆ. ಹಾಗಾಗಿ ಬೇರೆ ಸಾಗರಗಳಲ್ಲಿ ಈ ಪ್ರಭೇದ ಚೇತರಿಸಿಕೊಂಡಿದೆ ಎಂಬ ಮಾತು ಇವುಗಳಿಗೆ ಅನ್ವಯಿಸದು.

ಎಣಿಕೆಯ ಭಾಗಕ್ಕೆ ಹೆಚ್ಚು ಸಮಯ ಕೊಡಿ. ತಿಮಿಂಗಿಲ ಮುಳುಗುವಾಗ ಮೇಲೇಳುವ ಬಾಲದ ಅಡಿಭಾಗದ ಕಪ್ಪುಬಿಳುಪಿನ ಗುರುತು ಒಂದೊಂದಕ್ಕೂ ಬೇರೆ. ಅದರ ಛಾಯಾಚಿತ್ರ ತೆಗೆದು, ಮುಂದಿನ ಸಮೀಕ್ಷೆಗಳಲ್ಲಿ ಎಷ್ಟು ಹಳೆಯ ಬಾಲಗಳು ಮತ್ತೆ ಕಂಡವೆಂಬುದರಿಂದ ಒಟ್ಟು ಸಂಖ್ಯೆಯನ್ನು ಅಂದಾಜಿಸುತ್ತಾರೆ. ಒಮಾನ್ ಕರಾವಳಿಯಲ್ಲಿ ಹೀಗೆ ಸಿಕ್ಕ ಅಂದಾಜು 82; ಅದರ ವ್ಯಾಪ್ತಿ, ಅಂದರೆ ನಿಜ ಸಂಖ್ಯೆ ಇರಬಹುದಾದ ಮಿತಿ, 60ರಿಂದ 111. ರಾಶಿಗೆ ಮುಂಚೆಯೇ ತೊಗರಿಯ ಇಳುವರಿಯನ್ನು ಒಂದೇ ಅಂಕಿಯಲ್ಲಿ ಹೇಳಿದರೆ ನಮ್ಮ ರೈತರು ನಂಬುವುದಿಲ್ಲ. ಇಲ್ಲಿಯೂ ವ್ಯಾಪ್ತಿಯಿಲ್ಲದ ಅಂಕಿಯನ್ನು ಕೊಡಬಾರದು. ಅಪಾಯವನ್ನು ಅಳೆಯುವಾಗ ಕೆಳಗಿನ ತುದಿಯನ್ನೇ ಹಿಡಿಯಿರಿ.

ಹಿಂದಿನ ಬೇಟೆಯ ದಾಖಲೆಗಳನ್ನು ಪರಿಶೀಲಿಸದೆ ಬಳಸಬೇಡಿ. 1965–66ರಲ್ಲಿ ಸೋವಿಯತ್ ಹಡಗುಗಳು ಅರಬ್ಬೀ ಸಮುದ್ರದಲ್ಲಿ 242 ಹಂಪ್‌ಬ್ಯಾಕ್‌ಗಳನ್ನು ಅಕ್ರಮವಾಗಿ ಕೊಂದವು. ನಿಜವಾದ ಲೆಕ್ಕ ಬೆಳಕಿಗೆ ಬಂದದ್ದು ದಶಕಗಳ ನಂತರ. ಅಷ್ಟು ವರ್ಷಗಳ ಸಲಹೆಗಳೆಲ್ಲ ಸುಳ್ಳು ಅಂಕಿಗಳ ಮೇಲೆ ನಿಂತಿದ್ದವೆಂಬುದು ನೋವಿನ ಸಂಗತಿ.

ಕೊನೆಗೆ ಶಿಫಾರಸನ್ನು ನಿರ್ದಿಷ್ಟವಾಗಿ ಬರೆಯಿರಿ: ಯಾವ ಬಲೆ, ಯಾವ ಹಡಗು ಮಾರ್ಗ, ಯಾವ ತಿಂಗಳು. ನಿಮ್ಮ ಗುಂಪಿನಲ್ಲಿ ಒಮ್ಮತ ಮೂಡದಿದ್ದರೆ ಎರಡೂ ಅಭಿಪ್ರಾಯಗಳನ್ನು ಅವುಗಳ ಆಧಾರದೊಂದಿಗೆ ದಾಖಲಿಸಿರಿ. ಆಯೋಗದ ವೈಜ್ಞಾನಿಕ ಸಮಿತಿಯ ವರದಿಗಳಲ್ಲಿಯೂ ಇದೇ ಪದ್ಧತಿ ಇದೆ.