ಟ್ರ್ಯಾಕ್ ಕಾರಿಗೆ ಸಾದಾ ಬ್ರೇಕ್ ಡಿಸ್ಕೇ ಸಾಕು: ನನ್ನ ಅನುಭವ

ಹೊಸೂರಿನ ನಮ್ಮ ಗುಂಪಿನಲ್ಲಿ 5 ಕಾರು ಇವೆ. 4ಕ್ಕೆ ತೂತಿನ ಡಿಸ್ಕ್. ನನ್ನ ಸ್ವಿಫ್ಟ್‌ಗೆ ಮಾತ್ರ ಸಾದಾ ವೆಂಟಿಲೇಟೆಡ್ ಡಿಸ್ಕ್, ಅಂದರೆ ಮುಖದಲ್ಲಿ ತೂತಿಲ್ಲ, ಎರಡು ಮುಖದ ನಡುವೆ ಗಾಳಿ ಹೋಗೋ ರೆಕ್ಕೆ ಇರುತ್ತೆ. "ಅದರಲ್ಲಿ 3 ಲ್ಯಾಪ್ ಮುಗಿಸು ನೋಡೋಣ" ಅಂದಿದ್ದರು. ಹೋದ ತಿಂಗಳು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೆ ರೇಸ್ ಟ್ರ್ಯಾಕಿನಲ್ಲಿ 15 ನಿಮಿಷದ ಸೆಷನ್ ನಾಲ್ಕು ಓಡಿಸಿದೆ. ಕೊನೆಯ ಲ್ಯಾಪಿನಲ್ಲೂ ಬ್ರೇಕ್ ಪೆಡಲ್ ಬೆಳಗ್ಗೆ ಇದ್ದ ಹಾಗೇ ಗಟ್ಟಿ. ಆಮೇಲೆ ಅದೇ ಕಾರಿನಲ್ಲಿ ವೇಲೂರು, ಕೃಷ್ಣಗಿರಿ ದಾಟಿ ಸುಮಾರು 260 ಕಿ.ಮೀ. ಮನೆಗೆ ಬಂದೆ.

ಮೊದಲು ನಾನೂ ತೂತಿನ ಡಿಸ್ಕೇ ತಂದಿದ್ದೆ. ಬೆಂಗಳೂರಿನ ಒಂದು ಅಂಗಡಿಯಲ್ಲಿ ಜೋಡಿಗೆ ಹತ್ತಿರ ಹತ್ತಿರ 19,000 ರೂಪಾಯಿ. ಎರಡನೇ ಟ್ರ್ಯಾಕ್ ದಿನ ಚಕ್ರ ಬಿಚ್ಚಿ ಟಾರ್ಚ್ ಹಾಕಿ ನೋಡಿದೆ. ಒಂದು ತೂತಿಂದ ಪಕ್ಕದ ತೂತಿಗೆ ಕೂದಲೆಳೆಯಷ್ಟು ಬಿರುಕು. ಉಗುರು ಆಡಿಸಿದರೆ ಸಿಕ್ಕಿಕೊಳ್ಳುತ್ತಿತ್ತು. ಮೇಲ್ಗಡೆ ಬಲೆಯ ಹಾಗೆ ಸಣ್ಣ ಗೀರು ಬಂದರೆ ಪರವಾಗಿಲ್ಲ. ಉಗುರಿಗೆ ಸಿಕ್ಕುವ ಬಿರುಕು ಬಂದರೆ ನಾನು ಆ ಡಿಸ್ಕ್ ಇಟ್ಟುಕೊಳ್ಳಲ್ಲ. 19,000 ಗುಜರಿಗೆ ಹೋಯಿತು. ಹೊಟ್ಟೆ ಉರಿಯಿತು.

ಆಮೇಲೆ ಸ್ಲಾಟ್, ಅಂದರೆ ಮುಖದ ಮೇಲೆ ಉದ್ದ ಗಾಡಿ ಇರುವ ಡಿಸ್ಕ್, 13,000 ಚಿಲ್ಲರೆ. ಹಿಡಿತ ಚೆನ್ನಾಗಿತ್ತು, ಬಿರುಕೂ ಬರಲಿಲ್ಲ. ಆದರೆ 9,000ದ ಪ್ಯಾಡ್ ಸೆಟ್ಟನ್ನು ಎರಡೇ ಟ್ರ್ಯಾಕ್ ದಿನದಲ್ಲಿ ತಿಂದು ಮುಗಿಸಿತು.

ಕೊನೆಗೆ ಸಾದಾ ಜೋಡಿ 4,500ಕ್ಕೆ ತಂದೆ. ಮೊದಲ ದಿನವೇ ಸ್ಟೀರಿಂಗ್ ನಡುಗಿತು. "ಬೆಂಡಾಗಿದೆ, ಹೇಳಿದ್ವಿ ಅಲ್ವಾ" ಅಂದರು ಎಲ್ಲರೂ. ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಹತ್ತಿರ ಲೇತ್ ಇಟ್ಟಿರುವ ಅಣ್ಣನ ಹತ್ತಿರ ಹೋದೆ. "ಡಿಸ್ಕ್ ಆಮೇಲೆ ನೋಡೋಣ ತಮ್ಮಾ, ಮೊದಲು ಹಬ್ ತೋರಿಸು" ಅಂದರು. ಹಬ್ ಅಂದರೆ ಡಿಸ್ಕ್, ಚಕ್ರ ಎರಡೂ ಕೂರುವ ಜಾಗ. ಓಲಾಟ ಅಳೆಯುವ ಡಯಲ್ ಗೇಜ್ ಇಟ್ಟು ತಿರುಗಿಸಿದರೆ ಮುಳ್ಳು 12 ಗೆರೆ ಓಡಿತು, ಅಂದರೆ 0.12 ಮಿ.ಮೀ. ಹಬ್ಬಿನ ಮುಖದ ಮೇಲೆ ತುಕ್ಕು ಪದರ ಕಟ್ಟಿತ್ತು. ವೈರ್ ಬ್ರಷ್, ಎಮೆರಿ ಪೇಪರ್ ಹಾಕಿ ಉಜ್ಜಿದೆವು. ಡಿಸ್ಕನ್ನು ಒಂದು ಬೋಲ್ಟಿನಷ್ಟು ತಿರುಗಿಸಿ ಕೂರಿಸಿದೆವು. ಮುಳ್ಳು 4 ಗೆರೆಗೆ ಇಳಿಯಿತು. ನಡುಕ ಪೂರ್ತಿ ಹೋಯಿತು, ಖರ್ಚು 200 ರೂಪಾಯಿ. ಇವತ್ತು ಯಾರಾದರೂ ಡಿಸ್ಕ್ ಬೆಂಡ್ ಅಂದರೆ ನಾನು ಮೊದಲು ಹಬ್ಬನ್ನೇ ನೋಡ್ತೇನೆ. ಪಿಟ್‌ಗೆ ಬಂದು ಬ್ರೇಕ್ ಮೇಲೆ ಕಾಲಿಟ್ಟು ನಿಲ್ಲುವುದನ್ನೂ ಬಿಟ್ಟೆ. ಬಿಸಿ ಪ್ಯಾಡ್ ಒಂದೇ ಜಾಗಕ್ಕೆ ಅಂಟಿದರೂ ಇದೇ ನಡುಕ ಬರುತ್ತೆ.

ಇನ್ನು ಬಿಸಿಯ ವಿಷಯ. ಎಡ ಚಕ್ರಕ್ಕೆ ಮಾತ್ರ ಎರಡೂವರೆ ಇಂಚಿನ ಗಾಳಿ ಪೈಪ್ ಹಾಕಿ ಓಡಿಸಿದೆ. ಪಿಟ್‌ನಲ್ಲಿ ಇನ್‌ಫ್ರಾರೆಡ್ ಗನ್ ಹಿಡಿದರೆ ಬಲ 380 ಡಿಗ್ರಿ, ಎಡ 310ರ ಆಸುಪಾಸು. ಹೊಳೆಯುವ ಕಬ್ಬಿಣದ ಮೇಲೆ ಗನ್ ಕಮ್ಮಿ ತೋರಿಸುತ್ತೆ, ಗೊತ್ತು. ಎರಡೂ ಕಡೆ ಅದೇ ಗನ್, ಹಾಗಾಗಿ ವ್ಯತ್ಯಾಸ ನಂಬಬಹುದು. ಪೈಪನ್ನು ಬಲಕ್ಕೆ ಬದಲಾಯಿಸಿ ನೋಡಿದೆ, ಈ ಸಲ ಬಲಗಡೆ ಕಮ್ಮಿ ಬಂತು. ಗಾಳಿ ಡಿಸ್ಕಿನ ಮುಖಕ್ಕೆ ಹೊಡೆಯಬಾರದು, ನಡುವಿನಿಂದ ಒಳಗಿನ ರೆಕ್ಕೆಗಳಿಗೆ ಹೋಗಬೇಕು. ಬಂಪರಿನಲ್ಲಿ ಪೈಪಿನ ಬಾಯಿ ಎಲ್ಲಿಟ್ಟೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ. 8 ಭಾನುವಾರ ಅದಕ್ಕೇ ಕೊಟ್ಟಿದ್ದೇನೆ.

ಒಮ್ಮೆ ಪೈಪ್ ಇಲ್ಲದೆ ಡಿಸ್ಕಿನ ಹಿಂದಿನ ತಗಡು ಬಿಚ್ಚಿಯೂ ನೋಡಿದೆ. ಡಿಸ್ಕ್ ಸ್ವಲ್ಪ ತಣ್ಣಗಾಯಿತು. ಆದರೆ ಬಾಲ್ ಜಾಯಿಂಟಿನ ರಬ್ಬರ್ ಸುಟ್ಟು ಸೀಳಿತು, 1,400 ದಂಡ. ತಗಡು ವಾಪಸ್ ಹಾಕಿ, ಪೈಪಿಗೆ ಬೇಕಾದಷ್ಟೇ ಕತ್ತರಿಸಿದೆ.

ಬ್ರೇಕ್ ಆಯಿಲ್ ಪ್ರತಿ ಟ್ರ್ಯಾಕ್ ದಿನಕ್ಕೂ ಹೊಸದು. ಡಾಟ್ 4 ದರ್ಜೆಯ ಆಯಿಲ್ ಕುದಿಯದೆ ಕನಿಷ್ಠ 230 ಡಿಗ್ರಿ ತಡೆಯಬೇಕು ಅನ್ನೋದು ಲೆಕ್ಕ. ಆಯಿಲ್ ಗಾಳಿಯಲ್ಲಿರೋ ನೀರು ಕುಡಿದ ಮೇಲೆ ಅದೇ ಲೆಕ್ಕ 155ಕ್ಕೆ ಇಳಿಯುತ್ತೆ. ಮುಚ್ಚಳ ತೆಗೆದಿಟ್ಟ ಹಳೆ ಬಾಟ್ಲಿ ನಾನು ಮುಟ್ಟಲ್ಲ.

ಈ ಜೋಡಿ 4 ಟ್ರ್ಯಾಕ್ ದಿನ ನೋಡಿದೆ. ಮೈಕ್ರೋಮೀಟರ್ ಹಿಡಿದರೆ ಸವೆದದ್ದು 0.4 ಮಿ.ಮೀ. ಇರಬಹುದು. ಡಿಸ್ಕಿನ ಮೇಲೆ ಅಚ್ಚು ಹಾಕಿರುವ ಕನಿಷ್ಠ ದಪ್ಪಕ್ಕೆ ಇನ್ನೂ ದೂರ ಇದೆ. ಮುಂದಿನ ಜೋಡಿ ಈಗಲೇ ತಂದು ಅಟ್ಟದ ಮೇಲೆ ಇಟ್ಟಿದ್ದೇನೆ, ಅದೇ 4,500ರದ್ದು.