ಶಿಖರಗಳ ಪಟ್ಟಿಯಿಂದ ನಡೆಯುವ ದಾರಿಗೆ: ನಕ್ಷೆಯ ಫೈಲುಗಳಿಂದ ದೀರ್ಘ ಚಾರಣ ಯೋಜಿಸುವ ಬಗೆ

ಸ್ಕಾಟ್‌ಲೆಂಡಿನಲ್ಲಿ 3000 ಅಡಿಗಿಂತ, ಅಂದರೆ 914.4 ಮೀಟರಿಗಿಂತ ಎತ್ತರವಾಗಿರುವ ಪ್ರತ್ಯೇಕ ಬೆಟ್ಟಗಳಿಗೆ ‘ಮನ್ರೋ’ ಎಂಬ ಹೆಸರಿದೆ. ಸರ್ ಹ್ಯೂ ಮನ್ರೋ 1891ರಲ್ಲಿ ಇವುಗಳ ಮೊದಲ ಪಟ್ಟಿಯನ್ನು ಪ್ರಕಟಿಸಿದರು. ಹಲವು ಪರಿಷ್ಕರಣೆಗಳ ನಂತರ ಇಂದು ಅದರಲ್ಲಿ 282 ಶಿಖರಗಳು ಉಳಿದಿವೆ. ಪಟ್ಟಿಯೊಂದನ್ನು ಹಿಡಿದು ಬೆಟ್ಟಗಳನ್ನು ಒಂದೊಂದಾಗಿ ಹತ್ತಿ, ಹತ್ತಿದ್ದಕ್ಕೆ ಗುರುತು ಹಾಕಿಕೊಳ್ಳುತ್ತ ಹೋಗುವ ಈ ಹವ್ಯಾಸವನ್ನು ಬ್ರಿಟನ್ನಿನಲ್ಲಿ ‘ಹಿಲ್ ಬ್ಯಾಗಿಂಗ್’ ಎನ್ನುತ್ತಾರೆ. ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟಿನಲ್ಲಿ, ಆಲ್‌ಫ್ರೆಡ್ ವೈನ್‌ರೈಟ್ ತಮ್ಮ ಮಾರ್ಗದರ್ಶಿ ಪುಸ್ತಕಗಳಲ್ಲಿ ವಿವರಿಸಿದ 214 ‘ವೈನ್‌ರೈಟ್’ ಬೆಟ್ಟಗಳಿವೆ, ಒಟ್ಟು ಎತ್ತರ ಎಷ್ಟೇ ಇರಲಿ, ಸುತ್ತಲಿನ ನೆಲದಿಂದ ಕನಿಷ್ಠ 150 ಮೀಟರ್ ಎದ್ದು ನಿಂತ ಬೆಟ್ಟಗಳಿಗೆ ‘ಮೆರಿಲಿನ್’ ಎಂಬ ಬೇರೆಯೇ ಪಟ್ಟಿಯಿದೆ. ಈ ಶಿಖರಗಳನ್ನು ಹಲವು ದಿನಗಳ ಒಂದು ದೀರ್ಘ ನಡಿಗೆಯೊಳಗೆ ಜೋಡಿಸಿಕೊಳ್ಳುವ ಕೆಲಸವನ್ನು ಹಿಂದೆ ಮೇಜಿನ ಮೇಲೆ ಕಾಗದದ ನಕ್ಷೆ ಹರಡಿ, ದಾರದಿಂದ ದೂರ ಅಳೆದು ಮಾಡುತ್ತಿದ್ದರು. ಈಗ ಅದೇ ಕೆಲಸವನ್ನು ಡಿಜಿಟಲ್ ಫೈಲುಗಳಿಂದ ಮಾಡಬಹುದು. ಆದರೆ ಫೈಲಿನೊಳಗೆ ಏನಿದೆ, ಏನಿಲ್ಲ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು.

ಫೈಲಿನೊಳಗೆ ಏನಿರುತ್ತದೆ

ಚಾರಣಿಗರ ನಡುವೆ ಹೆಚ್ಚು ಓಡಾಡುವುದು 2002ರಲ್ಲಿ ಬಂದ ಜಿಪಿಎಕ್ಸ್ ಫೈಲು. ಅದನ್ನು ಒಮ್ಮೆ ಸಾಮಾನ್ಯ ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆದು ನೋಡುವುದು ಒಳ್ಳೆಯದು; ಒಳಗಿರುವುದು ನಕ್ಷೆಯಲ್ಲ, ಅಕ್ಷಾಂಶ ಮತ್ತು ರೇಖಾಂಶಗಳ ಸಾಲು ಎಂಬುದು ಕಣ್ಣಿಗೇ ಕಾಣುತ್ತದೆ. ಈ ಸಾಲುಗಳು ಮೂರು ರೂಪದಲ್ಲಿರುತ್ತವೆ. ‘ವೇ ಪಾಯಿಂಟ್’ ಎಂದರೆ ಶಿಖರ, ಸೇತುವೆ, ತಂಗುದಾಣದಂಥ ಒಂಟಿ ಬಿಂದು. ‘ರೂಟ್’ ಎಂದರೆ ಮುಂದೆ ನಡೆಯಬೇಕಾದ ಕ್ರಮದಲ್ಲಿ ಜೋಡಿಸಿದ ಕೆಲವೇ ಬಿಂದುಗಳು. ಎರಡು ಬಿಂದುಗಳ ನಡುವೆ ಏನಿದೆ ಎಂಬುದನ್ನು ಅದು ಹೇಳುವುದಿಲ್ಲ. ‘ಟ್ರ್ಯಾಕ್’ ಎಂದರೆ ಒತ್ತೊತ್ತಾಗಿ ದಾಖಲಾದ ನೂರಾರು ಅಥವಾ ಸಾವಿರಾರು ಬಿಂದುಗಳ ಗೆರೆ, ಸಾಮಾನ್ಯವಾಗಿ ಯಾರೋ ನಿಜವಾಗಿ ನಡೆದ ಹೆಜ್ಜೆಗುರುತು. ಯೋಜನೆಯಲ್ಲಿ ಆಗುವ ಗೊಂದಲಗಳಲ್ಲಿ ಅರ್ಧದಷ್ಟು ಈ ಮೂರನ್ನು ಒಂದೇ ಎಂದು ಭಾವಿಸುವುದರಿಂದ ಹುಟ್ಟುತ್ತವೆ ಎಂಬುದು ನನ್ನ ಅಭಿಪ್ರಾಯ.

ಕೆಎಂಎಲ್ ಎಂಬ ಇನ್ನೊಂದು ಬಗೆಯ ಫೈಲು ಕಂಪ್ಯೂಟರಿನ ಪರದೆಯ ಮೇಲೆ ನೋಡಲು ಚೆನ್ನ. ಬೆಟ್ಟಗಳ ದೊಡ್ಡ ಪಟ್ಟಿಗಳು ಸಿಎಸ್‌ವಿ ಕೋಷ್ಟಕವಾಗಿ ಸಿಗುತ್ತವೆ. ಒಂದರಿಂದ ಇನ್ನೊಂದಕ್ಕೆ ಬದಲಾಯಿಸಲು ಜಿಪಿಎಸ್‌ಬೇಬಲ್, ಕ್ಯೂಜಿಐಎಸ್ ಮೊದಲಾದ ಉಚಿತ ತಂತ್ರಾಂಶಗಳಿವೆ.

ಮೊದಲು ಬಿಂದುಗಳು

ಯೋಜನೆಯನ್ನು ಗೆರೆಯಿಂದಲ್ಲ, ಬಿಂದುಗಳಿಂದ ಆರಂಭಿಸಬೇಕು. ‘ಡೇಟಾಬೇಸ್ ಆಫ್ ಬ್ರಿಟಿಷ್ ಆ್ಯಂಡ್ ಐರಿಷ್ ಹಿಲ್ಸ್’ ಎಂಬ ದತ್ತಸಂಚಯದಿಂದ ಎಲ್ಲ ಪಟ್ಟಿಗಳ ಬೆಟ್ಟಗಳನ್ನೂ ಉಚಿತವಾಗಿ ಇಳಿಸಿಕೊಳ್ಳಬಹುದು. ಅದರಿಂದ ನಮಗೆ ಬೇಕಾದ ಪಟ್ಟಿಯನ್ನಷ್ಟೇ ಸೋಸಿ, ಈಗಾಗಲೇ ಹತ್ತಿದ ಬೆಟ್ಟಗಳಿಗೆ ಒಂದು ಬಣ್ಣ, ಉಳಿದವಕ್ಕೆ ಇನ್ನೊಂದು ಬಣ್ಣ ಕೊಟ್ಟು ನಕ್ಷೆಯ ಮೇಲೆ ಹರಡಿದರೆ, ಯಾವ ಕಣಿವೆಯ ಸುತ್ತ ಎಷ್ಟು ಶಿಖರಗಳು ಗುಂಪಾಗಿವೆ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ.

ಇಲ್ಲಿ ಮೂರು ಎಡವಟ್ಟುಗಳನ್ನು ನೆನಪಿಡಬೇಕು. ಬೆನ್ ನೆವಿಸ್ ಶಿಖರ ಇರುವುದು ಸುಮಾರು 56.797 ಉತ್ತರ ಅಕ್ಷಾಂಶ, 5.004 ಪಶ್ಚಿಮ ರೇಖಾಂಶದಲ್ಲಿ. ಪಶ್ಚಿಮ ರೇಖಾಂಶವನ್ನು ಫೈಲಿನಲ್ಲಿ ಋಣ ಚಿಹ್ನೆಯೊಂದಿಗೆ ಬರೆಯುತ್ತಾರೆ. ಆ ಪುಟ್ಟ ಅಡ್ಡಗೆರೆ ಬಿಟ್ಟುಹೋದರೆ ಬ್ರಿಟನ್ನಿನ ಅತ್ಯುನ್ನತ ಶಿಖರ ಉತ್ತರ ಸಮುದ್ರದ ನಡುವೆ ಮುಳುಗುತ್ತದೆ. ಜಿಪಿಎಕ್ಸ್‌ನಲ್ಲಿ ಅಕ್ಷಾಂಶ, ರೇಖಾಂಶಗಳಿಗೆ ಹೆಸರಿನ ಚೀಟಿ ಅಂಟಿರುತ್ತದೆ, ಆದರೆ ಕೆಎಂಎಲ್‌ನಲ್ಲಿ ಹೆಸರಿಲ್ಲದೆ ರೇಖಾಂಶವೇ ಮೊದಲು ಬರುತ್ತದೆ. ಕೋಷ್ಟಕದಿಂದ ಬದಲಾಯಿಸುವಾಗ ಎರಡೂ ಅದಲುಬದಲಾದರೆ ಬೆನ್ ನೆವಿಸ್ ಹಿಂದೂ ಮಹಾಸಾಗರದಲ್ಲಿ, ಸೇಶೆಲ್ಸ್ ದ್ವೀಪಗಳ ಬಳಿ ತೇಲುತ್ತದೆ. ಇವೆರಡೂ ನಗು ತರಿಸುವ ತಪ್ಪುಗಳು, ಆದ್ದರಿಂದಲೇ ಬೇಗ ಗೊತ್ತಾಗುತ್ತವೆ. ಮೂರನೆಯದು ಹಾಗಲ್ಲ. 1791ರಲ್ಲಿ ಆರಂಭವಾದ, ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್‌ನನ್ಸ್ ಸರ್ವೆಯ ನಕ್ಷೆಗಳು ಸ್ಥಾನಗಳನ್ನು ಅಳೆಯಲು ಬ್ರಿಟನ್ನಿಗೇ ಹೊಂದುವ ಒಂದು ಭೂಮಾಪನ ಆಧಾರವನ್ನು ಬಳಸುತ್ತವೆ, ಜಿಪಿಎಸ್ ಉಪಕರಣಗಳು ಡಬ್ಲ್ಯುಜಿಎಸ್84 ಎಂಬ ಜಾಗತಿಕ ಆಧಾರವನ್ನು ಬಳಸುತ್ತವೆ. ಒಂದರ ಅಂಕಿಗಳನ್ನು ಪರಿವರ್ತಿಸದೆ ಇನ್ನೊಂದರಲ್ಲಿ ಇಟ್ಟರೆ ಬಿಂದು ಸುಮಾರು 100 ಮೀಟರ್ ಸರಿಯುತ್ತದೆ. ಪರದೆಯ ಮೇಲೆ ಅದು ಕಾಣುವುದೇ ಇಲ್ಲ. ಕಿರಿದಾದ ಏಣಿನ ಮೇಲೆ ಮಂಜು ಕವಿದಾಗ ಆ 100 ಮೀಟರ್ ಎಂದರೆ ದಾರಿಗೂ ಪ್ರಪಾತಕ್ಕೂ ಇರುವ ಅಂತರ. ‘ಎನ್‌ಎನ್ 166 712’ ಎಂಬಂಥ, ನಕ್ಷೆಯ ಚೌಕಗಳ ಲೆಕ್ಕದಲ್ಲಿ ಜಾಗ ಹೇಳುವ ಆರಂಕಿಯ ಗ್ರಿಡ್ ಉಲ್ಲೇಖವೂ 100 ಮೀಟರ್ ಅಗಲದ ಒಂದು ಚೌಕವನ್ನು ತೋರಿಸುತ್ತದೆಯೇ ಹೊರತು ಶಿಖರದ ತುದಿಯನ್ನಲ್ಲ.

ಬಿಂದುಗಳ ನಿಖರತೆ ಏಕೆ ಮುಖ್ಯ ಎಂಬುದಕ್ಕೆ ಬೈನ್ ಡೋರನ್ ಬೆಟ್ಟ ಒಳ್ಳೆಯ ನಿದರ್ಶನ. 1076 ಮೀಟರ್ ಎತ್ತರದ ಈ ಮನ್ರೋವಿನ ನಿಜವಾದ ತುದಿಗಿಂತ ಸ್ವಲ್ಪ ಮೊದಲೇ ದೊಡ್ಡದೊಂದು ಕಲ್ಲುಗುಪ್ಪೆ ಎದುರಾಗುತ್ತದೆ. ಉತ್ತರದ ಕಡೆಯಿಂದ ಮಂಜಿನಲ್ಲಿ ಬಂದವರು ಅದನ್ನೇ ಶಿಖರವೆಂದು ನಂಬಿ ಹಿಂದಿರುಗುವುದುಂಟು. ಸರಿಯಾದ ವೇ ಪಾಯಿಂಟ್ ಇದ್ದರೆ, ತುದಿ ಇನ್ನೂ ದಕ್ಷಿಣಕ್ಕಿದೆ ಎಂದು ಉಪಕರಣವೇ ಹೇಳುತ್ತದೆ.

ಬಿಂದುಗಳನ್ನು ಗೆರೆಯಾಗಿಸುವುದು

ಉದಾಹರಣೆಗೆ ಮಿಲ್‌ಗೈನಿಂದ ಫೋರ್ಟ್ ವಿಲಿಯಂವರೆಗಿನ 154 ಕಿಲೊಮೀಟರಿನ ವೆಸ್ಟ್ ಹೈಲ್ಯಾಂಡ್ ವೇ ಎಂಬ ದಾರಿಯನ್ನು ತೆಗೆದುಕೊಳ್ಳೋಣ. 1980ರಲ್ಲಿ ಅಧಿಕೃತವಾಗಿ ತೆರೆದ ಈ ದಾರಿ ಬಹುಮಟ್ಟಿಗೆ ಕಣಿವೆಗಳಲ್ಲೇ ಸಾಗುತ್ತದೆ, ಆದರೆ ರೋವರ್ಡೆನನ್ ಬಳಿ ಬೆನ್ ಲೋಮಂಡ್, ಬ್ರಿಡ್ಜ್ ಆಫ್ ಆರ್ಕಿಯ ತಲೆಯ ಮೇಲೆ ಬೈನ್ ಡೋರನ್, ಕೊನೆಯಲ್ಲಿ ಬೆನ್ ನೆವಿಸ್ ಹೀಗೆ ಮನ್ರೋಗಳು ಪಕ್ಕದಲ್ಲೇ ನಿಂತಿವೆ. ಮೂಲ ದಾರಿಯ ಟ್ರ್ಯಾಕನ್ನು ಒಂದು ಫೈಲಿನಲ್ಲಿಟ್ಟು, ಪ್ರತಿ ಬೆಟ್ಟಕ್ಕೂ ಹೋಗಿಬರುವ ಕವಲುದಾರಿಯನ್ನು ಬೇರೆ ಬೇರೆ ಟ್ರ್ಯಾಕುಗಳಾಗಿ ಇಟ್ಟುಕೊಳ್ಳುವುದು ಜಾಣತನ. ಹವಾಮಾನ ಕೆಟ್ಟ ದಿನ ಕವಲನ್ನು ಕೈಬಿಟ್ಟರೂ ಮೂಲ ಯೋಜನೆ ಹಾಗೆಯೇ ನಿಲ್ಲುತ್ತದೆ.

ಬೇರೆಯವರ ಟ್ರ್ಯಾಕನ್ನು ಪಡೆದುಕೊಂಡಾಗ ಅದನ್ನು ಹಾಗೆಯೇ ನಂಬಬಾರದು. ಅದರಲ್ಲಿ ಅವರು ದಾರಿ ತಪ್ಪಿದ್ದೂ ಇರುತ್ತದೆ, ಊಟಕ್ಕೆ ಕುಳಿತಲ್ಲಿ ಬಿಂದುಗಳು ನೂಲಿನ ಉಂಡೆಯಂತೆ ಸುತ್ತಿಕೊಂಡದ್ದೂ ಇರುತ್ತದೆ. ಒಂದೇ ಬೆಟ್ಟದ ಮೂರು ನಾಲ್ಕು ಟ್ರ್ಯಾಕುಗಳನ್ನು ಒಂದರ ಮೇಲೊಂದು ಇಟ್ಟು ನೋಡುವುದು ನನಗೆ ಅತ್ಯಂತ ಉಪಯುಕ್ತವೆನಿಸಿದ ಅಭ್ಯಾಸ. ಗೆರೆಗಳೆಲ್ಲ ಒಂದಾಗಿ ಸಾಗುವಲ್ಲಿ ಕಾಲುದಾರಿ ಸ್ಪಷ್ಟವಾಗಿದೆ ಎಂದರ್ಥ. ಬೀಸಣಿಗೆಯಂತೆ ಹರಡಿಕೊಳ್ಳುವಲ್ಲಿ ದಾರಿಯಿಲ್ಲ, ಬಹುಶಃ ಜೌಗಿದೆ, ಪ್ರತಿಯೊಬ್ಬರೂ ತಮಗೆ ತೋಚಿದಂತೆ ದಾಟಿದ್ದಾರೆ. ಅಂಥ ಜಾಗಗಳನ್ನು ಗುರುತಿಸಿ, 1:25,000 ಪ್ರಮಾಣದ ನಕ್ಷೆಯಲ್ಲಿ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಸಮೋನ್ನತಿ ರೇಖೆಗಳೊಂದಿಗೆ ಹೋಲಿಸಿ, ನಮ್ಮ ಗೆರೆಯನ್ನು ನಾವೇ ಎಳೆದುಕೊಳ್ಳಬೇಕು. ರೇಖೆಗಳು ಒತ್ತಾಗಿ ಸೇರಿದ ಕಡೆ, ಅಂದರೆ ಇಳಿಜಾರು ಕಡಿದಾದ ಕಡೆ, ಗೆರೆ ಅವುಗಳನ್ನು ನೇರವಾಗಿ ಕತ್ತರಿಸುತ್ತಿದ್ದರೆ ಕೈ ತಡೆಯಬೇಕು. ವಾಹನ ನಿಲುಗಡೆಯಿಂದ ಬೆನ್ ನೆವಿಸ್ ತುದಿಗೆ ಹೆಸರಾಂತ ನಕ್ಷೆ ಆ್ಯಪೊಂದು ತೋರಿಸುತ್ತಿದ್ದ ಗೆರೆ ಪ್ರಾಣಕ್ಕೇ ಅಪಾಯಕಾರಿ ಎಂದು ಸ್ಕಾಟ್‌ಲೆಂಡಿನ ಪರ್ವತಾರೋಹಣ ಸಂಸ್ಥೆಗಳು 2021ರಲ್ಲಿ ಬಹಿರಂಗವಾಗಿ ಎಚ್ಚರಿಸಬೇಕಾಯಿತು.

ಬಿಂದುಗಳನ್ನು ಕಡಿಮೆ ಮಾಡುವಾಗಲೂ ಇದೇ ಎಚ್ಚರ ಬೇಕು. ಹಳೆಯ ಕೈ ಉಪಕರಣಗಳು ಒಂದು ಟ್ರ್ಯಾಕಿನಲ್ಲಿ ಇಂತಿಷ್ಟೇ ಬಿಂದುಗಳನ್ನು ಒಪ್ಪುವುದರಿಂದ ತಂತ್ರಾಂಶದ ‘ಸಿಂಪ್ಲಿಫೈ’ ಸೌಲಭ್ಯ ಬಳಸಬೇಕಾಗುತ್ತದೆ. ಅದು ಚಿಕ್ಕ ತಿರುವುಗಳನ್ನು ಅಳಿಸಿ ಗೆರೆಯನ್ನು ನೇರಗೊಳಿಸುತ್ತದೆ. ಮಂಜಿನಲ್ಲಿ ಬೆನ್ ನೆವಿಸ್‌ನಿಂದ ಇಳಿಯುವವರಿಗೆ ಸಿಗುವ ಪ್ರಸಿದ್ಧ ಸೂಚನೆಯೆಂದರೆ, ತುದಿಯ ಕಂಬದಿಂದ 231 ಡಿಗ್ರಿ ಗ್ರಿಡ್ ದಿಕ್ಕಿನಲ್ಲಿ (ನಕ್ಷೆಯ ಚೌಕಗಳ ಉತ್ತರದಿಂದ ಅಳೆದ ದಿಕ್ಕು) 150 ಮೀಟರ್ ನಡೆದು, ಅನಂತರ 282 ಡಿಗ್ರಿಗೆ ತಿರುಗುವುದು. ಆ 150 ಮೀಟರಿನ ಮೊಣಕೈ ತಿರುವನ್ನು ಯಂತ್ರ ‘ಅನಗತ್ಯ’ ಎಂದು ಅಳಿಸಿದರೆ ಗೆರೆ ಉತ್ತರದ ಕಡಿಬಂಡೆಗಳ ಕಡೆಗೆ ವಾಲುತ್ತದೆ. ಆದ್ದರಿಂದ ಇಂಥ ತಿರುವುಗಳನ್ನು ಪ್ರತ್ಯೇಕ ವೇ ಪಾಯಿಂಟ್ ಆಗಿ ಇಟ್ಟುಕೊಂಡು, ಸರಳಗೊಳಿಸಿದ ಮೇಲೆ ಇಡೀ ಗೆರೆಯನ್ನು ಮತ್ತೊಮ್ಮೆ ನಕ್ಷೆಯ ಮೇಲೆ ಕಣ್ಣಾರೆ ಹಿಂಬಾಲಿಸಿ ನೋಡಬೇಕು.

ದಿನಗಳಾಗಿ ಕತ್ತರಿಸುವುದು

ಗೆರೆ ಸಿದ್ಧವಾದ ಮೇಲೆ ದೂರ ಮತ್ತು ಏರುವಿಕೆಯನ್ನು ಲೆಕ್ಕ ಹಾಕಬೇಕು. ಪರದೆಯ ಮೇಲೆ ಕೈಯಿಂದ ಎಳೆದ ಗೆರೆ ಅಂಕುಡೊಂಕುಗಳನ್ನು ನುಂಗಿಬಿಡುವುದರಿಂದ ನೆಲದ ಮೇಲಿನ ದೂರ ಅದಕ್ಕಿಂತ ಹೆಚ್ಚೇ ಇರುತ್ತದೆ. ಏರುವಿಕೆಯ ಲೆಕ್ಕ ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧ: ನಡೆಯುತ್ತ ದಾಖಲಿಸಿದ ಟ್ರ್ಯಾಕಿನಲ್ಲಿ ಎತ್ತರದ ಅಂಕಿ ಪ್ರತಿ ಕ್ಷಣವೂ ಒಂದೆರಡು ಮೀಟರ್ ಮೇಲೆ ಕೆಳಗೆ ತೊನೆಯುತ್ತಿರುತ್ತದೆ, ಆ ತೊನೆದಾಟವನ್ನೆಲ್ಲ ಕೂಡಿಸಿದರೆ ಹತ್ತದ ಬೆಟ್ಟವನ್ನೂ ಹತ್ತಿದಂತೆ ತೋರುತ್ತದೆ. ಒಂದೇ ಫೈಲಿಗೆ ಎರಡು ತಂತ್ರಾಂಶಗಳು ಎರಡು ಉತ್ತರ ಕೊಡುವುದಕ್ಕೆ ಕಾರಣ ಇದೇ. ಅನುಮಾನ ಬಂದಾಗ ನಕ್ಷೆಯ ಸಮೋನ್ನತಿ ರೇಖೆಗಳನ್ನು ಎಣಿಸಿದರೆ ಸಾಕು.

ಸಮಯದ ಅಂದಾಜಿಗೆ ಸ್ಕಾಟ್‌ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ ಸೂತ್ರವೇ ಇಂದಿಗೂ ಆಧಾರ. ಮೆಟ್ರಿಕ್ ಲೆಕ್ಕದಲ್ಲಿ ಅದು ಪ್ರತಿ 5 ಕಿಲೊಮೀಟರಿಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 15 ಕಿಲೊಮೀಟರ್ ದೂರ, 1200 ಮೀಟರ್ ಏರು ಇರುವ ದಿನಕ್ಕೆ ಐದು ಗಂಟೆ. ಇದರಲ್ಲಿ ವಿಶ್ರಾಂತಿಯಿಲ್ಲ, ಬೆನ್ನ ಮೇಲಿನ ಡೇರೆಯ ಭಾರವಿಲ್ಲ, ಎದುರುಗಾಳಿಯಿಲ್ಲ. ಹಲವು ದಿನಗಳ ನಡಿಗೆಗೆ ನಾನು ಇದಕ್ಕೆ ಮೂರನೆಯ ಒಂದು ಭಾಗವನ್ನು ಸೇರಿಸಿಕೊಳ್ಳುತ್ತೇನೆ. ಯಾರಿಗಾದರೂ ಇದು ಅತಿ ಎಚ್ಚರಿಕೆ ಎನಿಸಿದರೆ ತಮ್ಮದೇ ಹಳೆಯ ಟ್ರ್ಯಾಕುಗಳಲ್ಲಿ ದಾಖಲಾದ ಸಮಯವನ್ನು ಸೂತ್ರದೊಂದಿಗೆ ಹೋಲಿಸಿ ಸ್ವಂತ ಅನುಪಾತ ಕಂಡುಕೊಳ್ಳಬಹುದು. ಆ ಪ್ರಕಾರ ಗೆರೆಯನ್ನು ನೀರು ಮತ್ತು ತಂಗುವ ಜಾಗ ಇರುವಲ್ಲಿ ಕತ್ತರಿಸಿ, ದಿನಕ್ಕೊಂದು ಫೈಲಿನಂತೆ ‘01’, ‘02’ ಎಂದು ಅಂಕಿಯಿಂದ ಆರಂಭವಾಗುವ ಚಿಕ್ಕ ಹೆಸರು ಕೊಡಬೇಕು. ಪ್ರತಿ ದಿನಕ್ಕೂ ಅರ್ಧದಲ್ಲೇ ಕಣಿವೆಗೆ ಇಳಿದುಬಿಡುವ ಒಂದು ಪರ್ಯಾಯ ಗೆರೆಯನ್ನೂ ಬೇರೆ ಬಣ್ಣದಲ್ಲಿ ಎಳೆದಿಡಬೇಕು.

ಜೊತೆಗೆ ಒಯ್ಯುವುದು

ಉಪಕರಣಕ್ಕೆ ರೂಟ್ ಬದಲು ಟ್ರ್ಯಾಕನ್ನೇ ಹಾಕುವುದು ಸುರಕ್ಷಿತ, ಏಕೆಂದರೆ ಕೆಲವು ಉಪಕರಣಗಳು ರೂಟನ್ನು ತಮ್ಮದೇ ಲೆಕ್ಕದಿಂದ ಬದಲಿಸಿ ಹತ್ತಿರದ ರಸ್ತೆಗೆ ಎಳೆದೊಯ್ಯುತ್ತವೆ. ಸ್ಕಾಟ್‌ಲೆಂಡಿನ ಗೇಲಿಕ್ ಭಾಷೆಯ ಹೆಸರುಗಳಲ್ಲಿ ಸ್ವರಗಳ ಮೇಲೆ ಬರುವ ಗುರುತುಗಳು ಕೆಲವೊಮ್ಮೆ ಅರ್ಥವಿಲ್ಲದ ಚಿಹ್ನೆಗಳಾಗಿ ಬದಲಾಗುತ್ತವೆ. ಫೈಲನ್ನು ಯುಟಿಎಫ್-8 ಎಂಬ ಅಕ್ಷರ ಸಂಕೇತ ರೂಪದಲ್ಲಿ ಉಳಿಸಿದರೆ ಈ ತೊಂದರೆ ಹೆಚ್ಚಾಗಿ ತಪ್ಪುತ್ತದೆ. ಫೈಲಿನಲ್ಲಿರುವುದು ಗೆರೆ ಮಾತ್ರವಾದ್ದರಿಂದ ಅದರ ಹಿನ್ನೆಲೆಯ ನಕ್ಷೆಯನ್ನು ಮನೆಯಲ್ಲೇ ಫೋನಿಗೆ ಇಳಿಸಿಕೊಂಡು, ಏರೋಪ್ಲೇನ್ ಮೋಡ್‌ನಲ್ಲಿ ತೆರೆದು ಪರೀಕ್ಷಿಸಬೇಕು. ಚಳಿಯಲ್ಲಿ ಬ್ಯಾಟರಿ ಬೇಗ ಸೋಲುತ್ತದೆ. ಕಾಗದದ ನಕ್ಷೆ ಮತ್ತು ದಿಕ್ಸೂಚಿ ಚೀಲದಲ್ಲಿ ಇರಲೇಬೇಕು.

ಹಿಂದಿರುಗಿದ ಮೇಲೆ ದಾಖಲಾದ ಟ್ರ್ಯಾಕನ್ನು ಯೋಜನೆಯ ಫೈಲಿನ ಮೇಲೆ ಬರೆಯದೆ, ದಿನಾಂಕದೊಂದಿಗೆ ಪ್ರತ್ಯೇಕವಾಗಿ ಉಳಿಸಿ, ಶಿಖರಗಳ ಕೋಷ್ಟಕದಲ್ಲಿ ಗುರುತು ಹಾಕಿಕೊಳ್ಳಬೇಕು. ಕೋಷ್ಟಕವನ್ನು ಯಾವಾಗ ಇಳಿಸಿಕೊಂಡದ್ದು ಎಂಬುದನ್ನೂ ಅದರ ಹೆಸರಿನಲ್ಲೇ ಬರೆದಿಡಬೇಕು, ಏಕೆಂದರೆ ಹೊಸ ಅಳತೆಗಳು ಬಂದಂತೆ ಪಟ್ಟಿಗಳೂ ಬದಲಾಗುತ್ತವೆ. ಬೈನ್ ಅ ಖ್ಲೀವ್ ಎಂಬ ಬೆಟ್ಟ 913.96 ಮೀಟರ್ ಮಾತ್ರ ಇದೆ ಎಂದು ಅಳತೆಯಲ್ಲಿ ಗೊತ್ತಾಗಿ, 44 ಸೆಂಟಿಮೀಟರ್ ಕೊರತೆಯಿಂದ 2012ರಲ್ಲಿ ಮನ್ರೋಗಳ ಪಟ್ಟಿಯಿಂದ ಹೊರಬಿತ್ತು. ಅದಕ್ಕೂ ಮೊದಲಿನ ಕೋಷ್ಟಕ ಇಟ್ಟುಕೊಂಡವರ ಲೆಕ್ಕದಲ್ಲಿ ಅದು ಇನ್ನೂ ಹತ್ತಬೇಕಾದ ಮನ್ರೋ ಆಗಿಯೇ ಉಳಿದಿರುತ್ತದೆ.