ಮಾಳಿಗೆಯ ಸುಣ್ಣ, ಸೊನ್ನೆ ಬಿಲ್ಲು

ಅವ್ವ ಬಾಯಿ ಬಿಟ್ಟು ಏನನ್ನೂ ಕೇಳುವವಳಲ್ಲ. 2022ರ ಮಾರ್ಚ್ ಕೊನೆಯ ಒಂದು ಮಧ್ಯಾಹ್ನ, ಶಹಾಬಾದಿ ಫರಸಿಯ ಮೇಲೆ ನೀರು ಚಿಮುಕಿಸಿಕೊಂಡು ಮಲಗಿದ್ದವಳು ಕಣ್ಣು ತೆರೆಯದೆಯೇ, "ಒಂದು ಎಸಿ ತರಬಾರದೇನಪ್ಪ" ಎಂದಳು. ಕಲಬುರಗಿಯಲ್ಲಿ ಇದು ಐಷಾರಾಮದ ಮಾತಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಿಸುತ್ತಾರೆ. ಸರ್ಕಾರವೇ ಸೋಲೊಪ್ಪಿಕೊಂಡ ಬಿಸಿಲಿಗೆ ಎಪ್ಪತ್ತು ದಾಟಿದ ಮುದುಕಿ ಎದೆಯೊಡ್ಡಲಿ ಎಂದು ಹೇಗೆ ಹೇಳುವುದು? ಆದರೂ ಹೇಳಿದೆ. "ಒಂದು ವರ್ಷ ತಾಳವ್ವ, ಬೇರೆ ಏನಾದರೂ ನೋಡುತ್ತೇನೆ."

ಹಾಗೆ ಹೇಳಿಸಿದ್ದು ಪರಿಸರ ಪ್ರೇಮವಲ್ಲ, ಜಿಪುಣತನ. ನಾನು ಕಚೇರಿಯೊಂದರ ಲೆಕ್ಕಪತ್ರ ಶಾಖೆಯವನು. ಮನೆಯಲ್ಲಿಯೂ ಒಂದು ನೋಟ್‌ಬುಕ್ ಇಟ್ಟುಕೊಂಡು ಪ್ರತಿ ಭಾನುವಾರ ಕರೆಂಟಿನ ಮೀಟರ್ ಬರೆದುಕೊಳ್ಳುವ ಚಟವಿದೆ. ಮನೆಯಲ್ಲಿ ನಾವು ನಾಲ್ವರು. ಆಗ ತಿಂಗಳಿಗೆ ಸರಾಸರಿ 165 ಯೂನಿಟ್ ಸುಡುತ್ತಿದ್ದೆವು. ಪಿಯುಸಿ ಓದುತ್ತಿದ್ದ ಮಗಳು ಒಂದು ಸಂಜೆ ಆ ಪುಟದ ಬಲಗಡೆಗೆ ಅಡ್ಡಪಟ್ಟಿ ಇಟ್ಟು ಹೊಸ ಅಂಕಣ ಎಳೆದಳು. ನಮ್ಮ ದೇಶದ ವಿದ್ಯುತ್ತಿನಲ್ಲಿ ಹೆಚ್ಚಿನ ಪಾಲು ಕಲ್ಲಿದ್ದಲಿನದು, ಪಕ್ಕದ ರಾಯಚೂರಿನ ಶಕ್ತಿನಗರದಲ್ಲಿಯೂ ಸುಡುವುದು ಅದನ್ನೇ, ಆದ್ದರಿಂದ ಯೂನಿಟ್ಟಿಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಎಂದು ಹಿಡಿಯಬೇಕು ಎಂದಳು. ಪೆಟ್ರೋಲಾದರೆ ಲೀಟರಿಗೆ 2.3 ಕಿಲೋ, 14.2 ಕಿಲೋದ ಗ್ಯಾಸ್ ಸಿಲಿಂಡರ್ ಖಾಲಿಯಾಗುವಷ್ಟರಲ್ಲಿ ಸುಮಾರು 42 ಕಿಲೋ. ಗುಣಿಸಿ ನೋಡಿದೆ: ಬರೀ ಕರೆಂಟಿನಿಂದಲೇ ತಿಂಗಳಿಗೆ 115 ಕಿಲೋ. ಜಿಪುಣನ ಕೈಗೆ ಹೊಸದೊಂದು ನಾಣ್ಯ ಸಿಕ್ಕಂತಾಯಿತು.

ಮೊದಲು ಕೈಹಾಕಿದ್ದು ಮಾಳಿಗೆಗೆ. ನಮ್ಮದು ಒಂದೇ ಅಂತಸ್ತು, ಆರ್‌ಸಿಸಿ ಛಾವಣಿ. ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಹನ್ನೆರಡರವರೆಗೆ ಅದನ್ನು ನಮ್ಮ ಮೇಲೆ ಉಗುಳುವುದೇ ಅದರ ಕಸುಬು. ಕೊರೊನಾ ಕಾಲದಲ್ಲಿ ಕೊಂಡಿದ್ದ, ಹಣೆಗೆ ಹಿಡಿಯುವ ಥರ್ಮಾಮೀಟರ್ ಕಪಾಟಿನಲ್ಲಿತ್ತು. ಸಂಜೆ ನಾಲ್ಕಕ್ಕೆ ಸ್ಟೂಲಿನ ಮೇಲೆ ಹತ್ತಿ ಅದನ್ನು ಕೋಣೆಯ ಒಳಗಿನಿಂದ ಛಾವಣಿಗೆ ಹಿಡಿದೆ. ಕೀಂಯ್ ಎಂದು ಕೂಗಿ, ಕೆಂಪು ದೀಪ ಬೆಳಗಿ, ಅಂಕಿಯ ಜಾಗದಲ್ಲಿ 'ಹೈ' ಎಂದು ತೋರಿಸಿ ಸುಮ್ಮನಾಯಿತು. ಮನುಷ್ಯರ ಜ್ವರ ಅಳೆಯಲು ಮಾಡಿದ ಸಾಧನ. 43ರ ಆಚೆ ಅದರ ಅಳತೆ ಇಲ್ಲ. ಸ್ಟೂಲಿನ ಮೇಲೆ ನಿಂತೇ ನಕ್ಕುಬಿಟ್ಟೆ. ನಮ್ಮ ಮನೆಯ ಜ್ವರ ಥರ್ಮಾಮೀಟರಿಗೂ ನಿಲುಕುವುದಲ್ಲ.

ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಅಟ್ಟುತ್ತದೆ ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅಂಗಡಿಯಲ್ಲಿ ಅದಕ್ಕೆಂದೇ ಇರುವ ಪೇಂಟಿನ ಬೆಲೆ ಕೇಳಿ ಸುಣ್ಣದ ಹರಳು ಹಿಡಿದುಕೊಂಡು ಬಂದೆ. ಸುಟ್ಟ ಸುಣ್ಣಕ್ಕೆ ನೀರು ಬಿದ್ದರೆ ಎಷ್ಟು ಕುದಿಯುತ್ತದೆ ಎಂಬುದನ್ನು ಪುಸ್ತಕದಲ್ಲಿ ಓದಿದ್ದೆನೇ ಹೊರತು ಕಂಡಿರಲಿಲ್ಲ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಹಾಕಿದೆ. ಬುಸುಗುಟ್ಟುತ್ತ ಆವಿ ಎದ್ದಿತು. ಎರಡೇ ನಿಮಿಷದಲ್ಲಿ ಬಕೆಟ್ಟಿನ ಒಂದು ಬದಿ ಸೊಂಟ ಮುರಿದುಕೊಂಡಂತೆ ಒಳಕ್ಕೆ ಬಾಗಿತು. ನೀವು ಮಾಡುವುದಾದರೆ ಕಬ್ಬಿಣದ ಡ್ರಮ್ಮು ಇಟ್ಟುಕೊಳ್ಳಿ. ಕನ್ನಡಕ ಮತ್ತು ರಬ್ಬರ್ ಗವಸು ಮರೆಯಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಅದಕ್ಕಿಂತಲೂ ಒಳ್ಳೆಯದು ಅರಳಿಸಿದ ಸುಣ್ಣದ ಪುಡಿಯನ್ನೇ ತಂದು ಒಂದು ರಾತ್ರಿ ನೆನೆಹಾಕುವುದು. ಬೆಳಗ್ಗೆ ಸೋಸಿ, ಮಜ್ಜಿಗೆಯ ಹದಕ್ಕೆ ಕಲಸಿ, ಮಾಳಿಗೆಯನ್ನು ಗುಡಿಸಿ ತೊಳೆದು, ಸಂಜೆ ಬಿಸಿಲು ಇಳಿದ ಮೇಲೆ ಉದ್ದ ಕೋಲಿನ ಕಸಬರಿಗೆಯಿಂದ ಎಳೆಯುವುದು. ಮಾರನೆಯ ಸಂಜೆ ಅಡ್ಡಲಾಗಿ ಇನ್ನೊಂದು ಕೈ. ಹಚ್ಚುವಾಗ ಬರೀ ನೀರಿನಂತೆ ಕಾಣುತ್ತದೆ, ಮೋಸ ಹೋದೆವೇನೋ ಎನ್ನಿಸುತ್ತದೆ. ಒಣಗುತ್ತ ಹೋದಂತೆ ಬೆಳ್ಳಗಾಗಿ, ಮರುದಿನ ಹತ್ತು ಗಂಟೆಗೆ ಮೇಲೆ ಹೋದರೆ ಕಣ್ಣು ಬಿಡಲಾಗುವುದಿಲ್ಲ.

ನಾಲ್ಕನೆಯ ದಿನ ಮತ್ತೆ ಸ್ಟೂಲು ಹತ್ತಿದೆ. ಅದೇ ಹೊತ್ತು, ಅದೇ ಜಾಗ. ಈ ಸಲ ಅಂಕಿ ಬಂದಿತು: 39.2. ತಂಪು ಎಂದು ಕರೆಯುವ ಹಾಗಿಲ್ಲ, ಜ್ವರವೇ. ಆದರೆ ಅಳೆಯಬಹುದಾದ ಜ್ವರ. ರಾತ್ರಿ ಕೂಲರನ್ನು ಒಂದು ಗಂಟೆಗೆ ಆರಿಸಿ ಬರೀ ಫ್ಯಾನಿನಲ್ಲಿ ಮಲಗುವಂತಾಯಿತು.

ಜೂನ್ ಮೊದಲ ಮಳೆಗೆ ಆ ಸುಣ್ಣವೆಲ್ಲ ಹಾಲಿನ ಹೊಳೆಯಾಗಿ ಕೊಳವೆಯಲ್ಲಿ ಇಳಿದು ಪಕ್ಕದ ಮನೆಯ ಅಕ್ಕನವರ ತುಳಸಿಕಟ್ಟೆಯ ಮೇಲೆ ಹರಿಯಿತು. ತುಳಸಿ ಬಾಡಿತು. ಹದಿನೈದು ದಿನ ಅವರು ನಮ್ಮ ಜೊತೆ ಮಾತು ಬಿಟ್ಟರು, ನ್ಯಾಯವೇ. ಎರಡನೆಯ ವರ್ಷದಿಂದ ಒಂದು ಚೀಲ ಸುಣ್ಣಕ್ಕೆ ಸ್ವಲ್ಪ ಬಿಳಿ ಸಿಮೆಂಟು ಮತ್ತು ಬಡಗಿಗಳು ಬಳಸುವ ಬಿಳಿ ಅಂಟು ಸೇರಿಸುತ್ತಿದ್ದೇನೆ. ಈಗ ಒಂದು ಮಳೆಗಾಲ ತಡೆಯುತ್ತದೆ. ಆದರೆ ನಮ್ಮೂರಿನ ಧೂಳು ಅದಕ್ಕಿಂತ ಬೇಗ ಕೂರುತ್ತದೆ. ಮೇ ಹೊತ್ತಿಗೆ ಬಿಳಿ ಬೂದಿಬಣ್ಣಕ್ಕೆ ತಿರುಗಿರುತ್ತದೆ. ಹಾಗಾಗಿ ಪ್ರತಿ ಮಾರ್ಚಿಗೆ ಹೊಸ ಕೈ ತಪ್ಪದು.

ಫ್ಯಾನಿನ ವಿಷಯ ಸರಳ. ಹಳೆಯ ಫ್ಯಾನು 75 ವಾಟ್, ಈಗ ಬರುವ, ಕಡಿಮೆ ಕರೆಂಟು ತಿನ್ನುವ ಮೋಟಾರಿನ ಬಿಎಲ್‌ಡಿಸಿ ಫ್ಯಾನು 30ರ ಆಸುಪಾಸು. ನಮ್ಮಲ್ಲಿ ದಿನಕ್ಕೆ ಹದಿನೈದು ಗಂಟೆ ತಿರುಗುತ್ತದೆ, ಅಂದರೆ ಒಂದು ಫ್ಯಾನಿಗೆ ತಿಂಗಳಿಗೆ 20 ಯೂನಿಟ್ ಉಳಿಯುತ್ತದೆ. ಎರಡು ಬದಲಿಸಿದೆವು. ಗೀಸರಿನ ಕಥೆ ನಾಚಿಕೆಗೇಡು. ಮಾರ್ಚಿನಿಂದ ಜೂನಿನವರೆಗೆ ಮೇಲಿನ ಕಪ್ಪು ಟ್ಯಾಂಕಿನ ನೀರು ಸಂಜೆ ಕೈ ಸುಡುವಷ್ಟು ಕಾದಿರುತ್ತದೆ. ಆದರೂ ಬೆಳಗ್ಗೆ ಎದ್ದವರ ಬೆರಳು ರೂಢಿಯಂತೆ ಗೀಸರಿನ ಸ್ವಿಚ್ಚಿಗೇ ಹೋಗುತ್ತಿತ್ತು. ಎರಡು ಕಿಲೋವಾಟಿನ ಯಂತ್ರವನ್ನು ವರ್ಷಗಟ್ಟಲೆ ಬೇಸಿಗೆಯಲ್ಲಿಯೂ ಉರಿಸಿದ್ದೇವೆ. ಈಗ ಶಿವರಾತ್ರಿಗೆ ಅದರ ಫ್ಯೂಸನ್ನೇ ತೆಗೆದಿಡುತ್ತೇನೆ.

ಕೂಲರಿನ ಬಗ್ಗೆ ನನಗೆ ಇನ್ನೂ ಎರಡು ಮನಸ್ಸು. ನಮ್ಮ ಒಣಹವೆಯಲ್ಲಿ ಅದು ಬಂಗಾರ: ನೀರು ಆವಿಯಾಗುವಾಗ ಗಾಳಿಯ ಶಾಖವನ್ನು ತೆಗೆದುಕೊಂಡು ಹೋಗುತ್ತದೆ, ಎಸಿ ತಿನ್ನುವ ಕರೆಂಟಿನ ಒಂದು ಚೂರು ಸಾಕು. ಆದರೆ ಮೇ ತಿಂಗಳಲ್ಲಿ ಬೋರ್ ಕೈಕೊಟ್ಟು ಟ್ಯಾಂಕರ್ ಕಾಯುತ್ತಿರುವಾಗ ದಿನಕ್ಕೆ ಮೂರು ನಾಲ್ಕು ಕೊಡ ನೀರನ್ನು ಕೂಲರಿಗೆ ಸುರಿಯಲು ಕೈ ಬರುವುದಿಲ್ಲ. ಜೂನಿನಲ್ಲಿ ಗಾಳಿಗೆ ತೇವ ಬಂದರಂತೂ ಅದು ಮೈಗೆ ಅಂಟು ಹಚ್ಚುವ ಪೆಟ್ಟಿಗೆ, ಅಷ್ಟೆ.

ಇಷ್ಟರಲ್ಲಿ ರಾಜ್ಯ ಸರ್ಕಾರದ ಉಚಿತ ಕರೆಂಟಿನ ಯೋಜನೆ ಗೃಹಜ್ಯೋತಿ ಬಂದಿತು. ಅದರ ಆಗಿನ ನಿಯಮ ಹೀಗೆ: 2022–23ರಲ್ಲಿ ನಿಮ್ಮ ಮನೆಯ ಸರಾಸರಿ ಬಳಕೆ ಎಷ್ಟೋ ಅದಕ್ಕೆ ಶೇ 10 ಸೇರಿಸಿ, 200 ಯೂನಿಟ್ ಮೀರದಂತೆ, ಉಚಿತ. ಆ ವರ್ಷ ಸುಣ್ಣ, ಫ್ಯಾನು, ಗೀಸರ್ ಎಂದು ಹೆಣಗಾಡಿ ನಾನು ಸರಾಸರಿಯನ್ನು 165ರಿಂದ 120ಕ್ಕೆ ಇಳಿಸಿದ್ದೆ. ಆದ್ದರಿಂದ ನನಗೆ ಸಿಕ್ಕಿದ್ದು 132. ಪಕ್ಕದ ಮೇಜಿನ ಸಹೋದ್ಯೋಗಿ ಧಾರಾಳವಾಗಿ 180 ಸುಟ್ಟಿದ್ದರು. ಅವರಿಗೆ 198. "ಉಳಿಸಿದ್ದಕ್ಕೆ ದಂಡ ಬಿತ್ತಲ್ಲ ಸರ್" ಎಂದು ಒಂದು ವಾರ ಚಹಾದ ಹೊತ್ತಿಗೆಲ್ಲ ನಕ್ಕರು. ನಾನೂ ನಕ್ಕೆ. ಒಳಗೆ ಉರಿಯಿತು.

ಅದಕ್ಕಿಂತ ದೊಡ್ಡ ತೊಡಕು ಮುಂದೆ ಕಾದಿತ್ತು. ಬಿಲ್ಲು ಸೊನ್ನೆ. 130 ಸುಟ್ಟರೂ ಸೊನ್ನೆ, 85 ಸುಟ್ಟರೂ ಸೊನ್ನೆ. ನನ್ನ ಇಡೀ ಉಳಿತಾಯದ ಬುನಾದಿಯೇ ರೂಪಾಯಿ, ಅದೇ ಕುಸಿಯಿತು. ಬಡವರ ಮನೆಗೆ ಈ ಯೋಜನೆ ಏನು ಕೊಟ್ಟಿದೆ ಎಂಬುದನ್ನು ನಾನು ಬಲ್ಲೆ, ಅದನ್ನು ದೂರುವುದಿಲ್ಲ. ಆದರೆ ನನ್ನಂಥ ಸಂಬಳದಾರನ ಮನೆಯಲ್ಲಿ ಸೊನ್ನೆ ಬಿಲ್ಲು ಮಾಡಿದ ಕೆಲಸ ಇಷ್ಟು: ದೀಪ ಆರಿಸುವ ಕೈ ನಿಧಾನವಾಯಿತು. ಎರಡು ತಿಂಗಳು ನೋಟ್‌ಬುಕ್ಕನ್ನು ತೆರೆಯಲೇ ಇಲ್ಲ. ತೆರೆದದ್ದು ಮಗಳು. ಎಡಗಡೆಯ ರೂಪಾಯಿ ಅಂಕಣವನ್ನು ಸ್ಕೇಲಿಟ್ಟು ಹೊಡೆದುಹಾಕಿ ಬಲಗಡೆಯದನ್ನು ಮಾತ್ರ ಉಳಿಸಿದಳು. "ಕಲ್ಲಿದ್ದಲು ಸೊನ್ನೆ ಆಗಿಲ್ಲವಲ್ಲ ಅಪ್ಪ" ಎಂದಳು. ಆ ವರ್ಷದ ಕೊನೆಗೆ ತಿಂಗಳ ಸರಾಸರಿ 88ಕ್ಕೆ ಬಂದಿತು, ಒಂದು ಪೈಸೆಯ ಲಾಭವಿಲ್ಲದೆ.

ಅಡುಗೆಮನೆಯಲ್ಲಿ 'ನಾನು ಮಾಡಿದೆ' ಎಂದು ಬರೆದರೆ ಹೆಂಡತಿ ಈ ಹಾಳೆಯನ್ನು ಹರಿದಾಳು. ತೊಗರಿ ಬೇಳೆಯನ್ನು ಒಂದು ಗಂಟೆ ಮೊದಲೇ ನೆನೆಹಾಕುವುದು, ಪಾತ್ರೆಗೆ ಮುಚ್ಚಳ, ಒಂದೇ ಕುಕ್ಕರಿನಲ್ಲಿ ಎರಡು ಡಬ್ಬಿ, ಸೀಟಿ ಬಂದ ಮೇಲೆ ಉರಿ ಸಣ್ಣ. ಹೇಳಿದ್ದು ನಾನು, ಮಾಡಿದ್ದು ಅವಳು. "ನಿಮ್ಮ ಲೆಕ್ಕಕ್ಕೆ ನನ್ನ ಕೈ ಯಾಕ್ರೀ?" ಎಂದು ಒಮ್ಮೆ ಕೇಳಿದಳು, ಉತ್ತರ ಇರಲಿಲ್ಲ. ಅಂದಿನಿಂದ ರಾತ್ರಿಯ ಪಾತ್ರೆ ನನ್ನದು. ಸಿಲಿಂಡರು ವರ್ಷಕ್ಕೆ ಹನ್ನೊಂದು ಹೋಗುತ್ತಿದ್ದವು, ಈಗ ಒಂಬತ್ತು. ದಿನಕ್ಕೆ ಒಂದು ಹೊತ್ತು ಅನ್ನ ಬಿಟ್ಟು ಜೋಳದ ರೊಟ್ಟಿ ಹೆಚ್ಚಿಸಿದ್ದೇವೆ. ನೀರು ನಿಂತ ಗದ್ದೆಯಿಂದ ಮೀಥೇನ್ ಏಳುತ್ತದೆ, ಜೋಳಕ್ಕೆ ಹಿಂಗಾರಿನ ತೇವವೇ ಸಾಕು ಎಂಬ ಕಾರಣವನ್ನು ಮಗಳು ಕೊಟ್ಟಳು. ಅವ್ವನಿಗೆ ಕಾರಣ ಬೇಕಿರಲಿಲ್ಲ; ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಇದ್ದರೆ ಸಾಕು.

ಸೋತದ್ದನ್ನೂ ಹೇಳಿಬಿಡುತ್ತೇನೆ. ಎರೆಹುಳು ಗೊಬ್ಬರದ ತೊಟ್ಟಿ ಮಾಡಿದೆ; ಏಪ್ರಿಲ್‌ನಲ್ಲಿ ಹುಳುಗಳೆಲ್ಲ ಸತ್ತವು, ಆ ಬಿಸಿಯಲ್ಲಿ ಅವು ಬದುಕುವುದಿಲ್ಲ. ಕಚೇರಿಗೆ ಸೈಕಲ್ ಶುರುಮಾಡಿ ಎರಡನೆಯ ವಾರಕ್ಕೆ ಬಿಟ್ಟೆ. ಬಿಸಿಲು ಒಂದು ಕಾರಣ, ರಿಂಗ್ ರಸ್ತೆಯ ನಾಯಿಗಳು ಇನ್ನೊಂದು. ಕೊನೆಗೆ ವಾರದಲ್ಲಿ ಮೂರು ದಿನ ಬಸ್ಸು ಎಂದು ಒಪ್ಪಂದ ಮಾಡಿಕೊಂಡೆ. 2023ರ ಜೂನ್ 11ರಂದು ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದಾಗಿನಿಂದ ಹೆಂಡತಿಗೆ ಟಿಕೆಟ್ಟಿನ ದುಡ್ಡಿಲ್ಲ, ನನಗಿದೆ, ಸೀಟು ಮಾತ್ರ ಇಬ್ಬರಿಗೂ ಇಲ್ಲ. ಆದರೂ ತಿಂಗಳಿಗೆ ಐದು ಲೀಟರ್ ಪೆಟ್ರೋಲ್ ಉಳಿಯುತ್ತದೆ.

ಎಲ್ಲವನ್ನೂ ಕೂಡಿಸಿದರೆ ವರ್ಷಕ್ಕೆ ಸುಮಾರು 870 ಕಿಲೋ ಉಳಿತಾಯ. ಭಾರತದಲ್ಲಿ ತಲೆಗೆ ವರ್ಷಕ್ಕೆ ಸುಮಾರು 2 ಟನ್ ಎನ್ನುತ್ತಾರೆ, ನಾಲ್ವರಿಗೆ ಎಂಟು. ಅದರಲ್ಲಿ ಹತ್ತನೇ ಒಂದು ಭಾಗ ಇಳಿಸಿದೆವು ಎಂದು ನಾನು ಬೀಗುತ್ತಿದ್ದಾಗಲೇ ಗೌಂಡಿಯೊಬ್ಬರು ಮನೆಗೆ ಬಂದು, "ಮೇಲೊಂದು ಕೋಣೆ ಎಬ್ಬಿಸಿ ಸಾಹೇಬರೆ, ಕೆಳಗೆ ತಾನಾಗಿಯೇ ತಂಪು" ಎಂದು ಸಲಹೆ ಕೊಟ್ಟರು. ಸುಳ್ಳಲ್ಲ, ಕೆಳಗೆ ತಂಪಾಗುತ್ತದೆ. 150 ಚೀಲ ಸಿಮೆಂಟು ಬೇಕು ಎಂದರು. ವಾಡಿ, ಸೇಡಂ ಕಡೆ ಸಿಮೆಂಟು ಹೇಗಾಗುತ್ತದೆ ಎಂಬುದನ್ನು ನಾವು ಹುಟ್ಟಿದಾಗಿನಿಂದ ನೋಡುತ್ತಿದ್ದೇವೆ. ಸುಣ್ಣದ ಕಲ್ಲನ್ನು ಸುಟ್ಟಾಗ ಇಂಧನದ ಹೊಗೆ ಒಂದು ಕಡೆ, ಕಲ್ಲಿನ ಒಳಗೇ ಕಟ್ಟಿಹಾಕಿಕೊಂಡ ಇಂಗಾಲದ ಡೈಆಕ್ಸೈಡ್ ಇನ್ನೊಂದು ಕಡೆ ಹೊರಗೆ ಬರುತ್ತದೆ. ಐವತ್ತು ಕಿಲೋದ ಚೀಲಕ್ಕೆ ಏನಿಲ್ಲವೆಂದರೂ 30 ಕಿಲೋ. 150 ಚೀಲಕ್ಕೆ ನಾಲ್ಕೂವರೆ ಟನ್. ನನ್ನ ಐದು ವರ್ಷದ ಸುಣ್ಣ, ಬೇಳೆ, ಬಸ್ಸು ಎಲ್ಲ ಒಂದೇ ಕೋಣೆಯಲ್ಲಿ ಹೂತುಹೋಗುತ್ತಿತ್ತು! ಕಬ್ಬಿಣ, ಇಟ್ಟಿಗೆ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಕೋಣೆ ಬೇಡ ಎಂದೆ. ಈ ನೋಟ್‌ಬುಕ್ಕಿನಲ್ಲಿರುವ ಅತಿ ದೊಡ್ಡ ಉಳಿತಾಯ ಏನನ್ನೂ ಮಾಡದೇ ಇದ್ದದ್ದು. ಮಾಳಿಗೆಯ ಸುಣ್ಣವೂ ಸುಟ್ಟ ಕಲ್ಲೇ ಅಲ್ಲವೇ ಎಂದು ಕೇಳಬಹುದು. ಹೌದು. ಆದರೆ ಅದು ಕಾಲಕ್ರಮದಲ್ಲಿ ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಮರಳಿ ಹೀರಿಕೊಂಡೇ ಕಲ್ಲಾಗಿ ಗಟ್ಟಿಯಾಗುತ್ತದೆ. ಸುಟ್ಟ ಇಂಧನದ ಸಾಲ ಮಾತ್ರ ಉಳಿಯುತ್ತದೆ.

2024ರ ಮೇ ಮೊದಲ ವಾರ 43 ದಾಟಿದ ಬಿಸಿಲಿನಲ್ಲಿ ಅವ್ವ ಬಚ್ಚಲಿನಲ್ಲಿ ತಲೆಸುತ್ತಿ ಕುಸಿದಳು. ಎರಡು ಬಾಟಲಿ ಸಲೈನ್ ಏರಿಸಿ ಕಳಿಸಿದರು. ಮನೆಗೆ ಕರೆತಂದ ಸಂಜೆಯೇ ಎಸಿ ತಂದೆ. ಒಂದು ಟನ್ನಿನದು, ಐದು ಸ್ಟಾರ್, ಅವಳ ಕೋಣೆಗೆ ಮಾತ್ರ. ಎರಡು ವರ್ಷ ತಡಮಾಡಿದೆ ಎಂದು ಅವಳು ಅನ್ನಲಿಲ್ಲ, ನಾನೇ ಅಂದುಕೊಂಡೆ. ನಾನು ಈ ದಾರಿಯಲ್ಲಿ ಕಲಿತದ್ದನ್ನು ಎಪ್ಪತ್ತು ದಾಟಿದವರ ಮೈಮೇಲೆ ಪ್ರಯೋಗಿಸಬಾರದಿತ್ತು.

ಆ ತಿಂಗಳು 168 ಯೂನಿಟ್. ಮಿತಿ 132, ಮಿಕ್ಕ 36ಕ್ಕೆ ಹಣ ಕಟ್ಟಿ ಎಂದು ಬಹಳ ದಿನಗಳ ನಂತರ ಅಂಕಿಯಿರುವ ಬಿಲ್ಲು ಬಂದಿತು. ಮನೆಯವರೆಲ್ಲ ಅದನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು. ಎಸಿಯ ಕೋಣೆಯಲ್ಲಿ ಫ್ಯಾನು ಹಾಕಿ 26ಕ್ಕೆ ಇಟ್ಟಿರುತ್ತೇನೆ. ಮೇಲೆ ಸುಣ್ಣ ಇರುವುದರಿಂದ ಅಷ್ಟು ಸಾಕು. ನಡುರಾತ್ರಿ ಎದ್ದು ನೋಡಿದರೆ 22 ಆಗಿರುತ್ತದೆ. ರಿಮೋಟು ಅವಳ ತಲೆದಿಂಬಿನ ಕೆಳಗೆ. ನೋಟ್‌ಬುಕ್ಕಿನಲ್ಲಿ ಮಗಳು ಅದಕ್ಕೊಂದು ಬೇರೆ ಅಂಕಣ ಎಳೆದು, ಮೇಲೆ 'ಅಜ್ಜಿ' ಎಂದು ಬರೆದಿದ್ದಾಳೆ.

ಈ ಸಲ ಸುಣ್ಣಕ್ಕೆ ಫೆಬ್ರವರಿಯಲ್ಲಿಯೇ ಹೇಳಿದ್ದೇನೆ. ಎರಡು ಚೀಲ. ಒಂದು ಪಕ್ಕದ ಮನೆಯ ಅಕ್ಕನವರಿಗೆ. ಕೊಳವೆಯನ್ನು ಬೇರೆ ಕಡೆ ತಿರುಗಿಸಿಕೊಡಬೇಕೆಂಬ ಕರಾರಿನ ಮೇಲೆ ಒಪ್ಪಿದ್ದಾರೆ.